ಒಂದು ಫಾರ್ಮಾಲಿಟಿ ಅಷ್ಟೆ

ತಾಲ್ಲೂಕು ಕಚೇರಿಯ ಜಗಲಿ ಮೇಲೆ ಒಂದು ದಿನ ಸುಮ್ಮನೆ ಕೂತು ನೋಡಿ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಇಂಗ್ಲಿಷ್ ಮಾತು ಹತ್ತಾರು ಸಲ ಕಿವಿಗೆ ಬೀಳುತ್ತದೆ. ಊರಿನ ದೊಡ್ಡ ಹಿಡುವಳಿದಾರ ಬರುತ್ತಾನೆ, ನೇರ ಒಳಕ್ಕೆ ಹೋಗಿ ಕುರ್ಚಿಯಲ್ಲಿ ಕೂರುತ್ತಾನೆ. ಗುಮಾಸ್ತ ಎರಡು ಕಾಗದ ಮುಂದಿಟ್ಟು, "ಇಲ್ಲೊಂದು ರುಜು ಹಾಕಿ ಗೌಡ್ರೆ, ಫಾರ್ಮಾಲಿಟಿ ಅಷ್ಟೆ" ಅಂತಾನೆ. ಕಾಫಿ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಅದೇ ಕಚೇರಿಯ ಕಿಟಕಿಗೆ ಹಟ್ಟಿಯ ಮುದುಕಿಯೊಬ್ಬಳು ಬಂದು ನಿಲ್ಲುತ್ತಾಳೆ. ಗಂಡ ಸತ್ತು ವರ್ಷಗಳಾಗಿವೆ, ಎರಡೆಕರೆಯ ಖಾತೆ ಇನ್ನೂ ಆಕೆಯ ಹೆಸರಿಗೆ ಬಂದಿಲ್ಲ. "ಫಾರ್ಮಾಲಿಟೀಸ್ ಮುಗಿದಿಲ್ಲ, ಮುಂದಿನ ವಾರ ಬಾ." ಏಪ್ರಿಲ್ 14 ಹತ್ತಿರವಿದ್ದರೆ ಮೂರನೆಯ ದನಿಯೂ ಕೇಳುತ್ತದೆ: "ಜಯಂತಿಗೆ ಪೂರ್ವಭಾವಿ ಸಭೆ ಅಂತ ಒಂದು ಫಾರ್ಮಾಲಿಟಿ ಮಾಡಿಬಿಡೋಣ, ನಾಳೆ ಯಾರೂ ಕೇಳಬಾರದು ನೋಡಿ."

ಮಾತು ಒಂದೇ. ಗೌಡರಿಗೆ ಅದು ಕಾಫಿ ಆರುವುದರೊಳಗೆ ದಾಟುವ ಹೊಸ್ತಿಲು. ಮುದುಕಿಗೆ ಅದೇ ಗೋಡೆ. ಬಾಬಾಸಾಹೇಬರ ಜಯಂತಿಯ ವಿಷಯಕ್ಕೆ ಬಂದಾಗ ಅದು ಬರೀ ಕಾಟಾಚಾರ. ಈ ಮಾತಿಗೆ ನಿಘಂಟಿನಲ್ಲಿ ಎರಡು ಅರ್ಥ ಸಿಗುತ್ತವೆ. ಒಂದು, ಯಾವುದನ್ನು ಮಾಡದಿದ್ದರೆ ಕೆಲಸವೇ ಊರ್ಜಿತವಾಗುವುದಿಲ್ಲವೋ ಆ ವಿಧಿ. ಇನ್ನೊಂದು, ಒಳಗೆ ಏನೂ ಇಲ್ಲದ ಹೊರಗಿನ ತೋರಿಕೆ. ಯಾವ ಅರ್ಥ ಯಾರ ಪಾಲಿಗೆ ಬಂತು ಎಂಬುದನ್ನು ನಿಘಂಟು ಹೇಳುವುದಿಲ್ಲ, ಚರಿತ್ರೆ ಹೇಳುತ್ತದೆ. ನಮಗೆ ಹಕ್ಕು ಕೊಡುವಾಗ ಈ ವ್ಯವಸ್ಥೆ ಎರಡನೆಯ ಅರ್ಥ ಹಿಡಿಯಿತು, ಕಾಟಾಚಾರಕ್ಕೆ ಕೊಟ್ಟಿತು. ಆ ಹಕ್ಕನ್ನು ನಾವು ಕೇಳಲು ಹೋದಾಗ ಮೊದಲನೆಯ ಅರ್ಥ ಹಿಡಿಯಿತು, ಒಂದು ಕಾಗದ ಕಡಿಮೆಯಾದರೂ ಹೊರಗೆ ನಿಲ್ಲಿಸಿತು. ಈ ಅದಲುಬದಲಿನ ಚರಿತ್ರೆಯನ್ನು ನಾವು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಇಂಗ್ಲಿಷಿನ ಈ ಮಾತಿನ ಬೇರು ಲ್ಯಾಟಿನ್ ಭಾಷೆಯ 'ಫಾರ್ಮ'. ಅಂದರೆ ಆಕಾರ, ಅಚ್ಚು. ಇಟ್ಟಿಗೆ ಕೊಯ್ಯುವವರ ಕೈಲಿರುವ ಮರದ ಅಚ್ಚಿನ ಹಾಗೆ. ನಾವು ತುಂಬುವ ಫಾರಂ, ನಮ್ಮ ಮಕ್ಕಳು ತೊಡುವ ಯೂನಿಫಾರಂ, ಭೂಸುಧಾರಣೆ ಎಂದು ನಾವು ಕರೆದ ಲ್ಯಾಂಡ್ ರಿಫಾರಂ ಎಲ್ಲವೂ ಆ ಒಂದೇ ಬೇರಿನ ಟಿಸಿಲುಗಳು. ಫಾರ್ಮಾಲಿಟಿ ಎಂಬ ಮಾತು ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು 16ನೇ ಶತಮಾನದಲ್ಲಿ. ಅದರ ಹಿಂದಿನ ಸಂಗತಿ ಮಾತ್ರ ಹಳೇ ರೋಮಿನದು.

ರೋಮನ್ನರ ಕಾನೂನು ಅಚ್ಚಿನ ಕಾನೂನಾಗಿತ್ತು. ಎರಡನೇ ಶತಮಾನದ ಗಾಯಸ್ ಎಂಬ ಕಾನೂನು ಪಂಡಿತ ಒಂದು ಸಂಗತಿ ಬರೆದಿಟ್ಟಿದ್ದಾನೆ. ಒಬ್ಬನ ದ್ರಾಕ್ಷಿ ಬಳ್ಳಿಗಳನ್ನು ಇನ್ನೊಬ್ಬ ಕಡಿದುಹಾಕಿದ. ತೋಟದವನು ನ್ಯಾಯಕ್ಕೆ ಹೋಗಿ 'ನನ್ನ ಬಳ್ಳಿ ಕಡಿದ' ಅಂದ. ದಾವೆ ಬಿದ್ದುಹೋಯಿತು. ಯಾಕೆಂದರೆ ಅವರ ಹನ್ನೆರಡು ಫಲಕಗಳ ಶಾಸನದಲ್ಲಿ 'ಮರ' ಎಂದಿತ್ತು. ಬಳ್ಳಿ ಕಡಿದಿದ್ದು ನಿಜ, ಕಡಿದವನು ಎದುರಿಗೇ ಇದ್ದ. ಆದರೂ ಮಾತು ಅಚ್ಚಿಗೆ ಕೂರಲಿಲ್ಲ. ನಮ್ಮ ಊರಿನ ಎಷ್ಟು ಅರ್ಜಿಗಳು ಹೀಗೆ ಬಳ್ಳಿ ಎಂದಿದ್ದಕ್ಕೆ ಬಿದ್ದುಹೋಗಿವೆಯೋ ಲೆಕ್ಕ ಇಟ್ಟವರು ಯಾರು!

ಅದೇ ರೋಮಿನಲ್ಲಿ ಗುಲಾಮನನ್ನು ಕೊಳ್ಳುವುದಕ್ಕೂ ಒಂದು ವಿಧಿ ಇತ್ತು. ಐದು ಜನ ರೋಮನ್ ನಾಗರಿಕರು ಸಾಕ್ಷಿ ನಿಲ್ಲಬೇಕು, ಒಬ್ಬ ತಕ್ಕಡಿ ಹಿಡಿಯಬೇಕು. ಕೊಳ್ಳುವವನು ಗುಲಾಮನನ್ನು ಕೈಲಿ ಹಿಡಿದು, ಇವನು ನನ್ನವನು ಎಂದು ಹೇಳಿ, ಕಂಚಿನ ತುಂಡಿನಿಂದ ತಕ್ಕಡಿಗೆ ತಟ್ಟಬೇಕು. ಹೊಲಕ್ಕೂ ಎತ್ತಿಗೂ ಇದೇ ವಿಧಿ. ಮನುಷ್ಯ, ಎತ್ತು, ಹೊಲ ಮೂರೂ ಒಂದೇ ಪಟ್ಟಿಯಲ್ಲಿದ್ದವು.

ಗುಲಾಮನ ಬಿಡುಗಡೆಗೂ ವಿಧಿ ಇತ್ತು. ಅಧಿಕಾರಿಯ ಮುಂದೆ ಕ್ರಮಪ್ರಕಾರ ಬಿಟ್ಟರೆ ಅವನು ಪೂರ್ತಿ ಸ್ವತಂತ್ರ. ಗೆಳೆಯರ ಎದುರಿಗೆ ಬಾಯಿಮಾತಲ್ಲಿ 'ಇನ್ನು ನೀನು ಸ್ವತಂತ್ರ ಹೋಗು' ಎಂದು ಬಿಟ್ಟರೆ ಅವನ ಗತಿ ಬೇರೆ. ಜೂನಿಯಾ ಎಂಬ ಕಾನೂನಿನ ಪ್ರಕಾರ ಅಂಥವನು ಬದುಕಿರುವವರೆಗೆ ಸ್ವತಂತ್ರನಾಗಿ ತಿರುಗಾಡಬಹುದು. ಆದರೆ ಉಯಿಲು ಬರೆಯುವಂತಿಲ್ಲ. ಸತ್ತ ದಿನ ಅವನು ದುಡಿದಿದ್ದೆಲ್ಲ ಹಳೇ ಧಣಿಗೆ ಸೇರುತ್ತಿತ್ತು. ಬದುಕಿದ್ದು ಸ್ವತಂತ್ರನಾಗಿ, ಸತ್ತಿದ್ದು ಗುಲಾಮನಾಗಿ. ಬಾಯಿಮಾತಿನ ಬಿಡುಗಡೆ ಅವನ ಮಕ್ಕಳವರೆಗೆ ಬರಲಿಲ್ಲ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಜೀತದ ಮಾತು ಬಂದಾಗ ಇದು ಬೇಕಾಗುತ್ತದೆ.

ಈಗ ನಮ್ಮ ಕನ್ನಡಕ್ಕೆ ಬರೋಣ. ಹಳ್ಳಿಯಲ್ಲಿ ಇದಕ್ಕೆ ಸರಿಯಾದ ಮಾತುಗಳೇ ಇವೆ. 'ಶಾಸ್ತ್ರಕ್ಕೆ ಮಾಡಿದರು' ಅಂತೀವಿ, 'ಕಾಟಾಚಾರಕ್ಕೆ ಬಂದು ಹೋದ' ಅಂತೀವಿ. ಶಾಸ್ತ್ರ ಎಂಬ ಮಾತೇ ಜನರ ಬಾಯಲ್ಲಿ ಹುರುಳಿಲ್ಲದ ಕ್ರಿಯೆ ಎಂಬ ಅರ್ಥ ಪಡೆದದ್ದು ಪುರೋಹಿತಶಾಹಿಯ ಮೇಲೆ ಜನ ಕೊಟ್ಟ ತೀರ್ಪು ಎಂದೇ ನಾವು ತಿಳಿಯುತ್ತೇವೆ. ಪಂಡಿತರು ಮಾತ್ರ ಫಾರ್ಮಾಲಿಟಿಗೆ 'ಔಪಚಾರಿಕತೆ' ಎಂಬ ಮಾತು ಬಳಕೆಗೆ ತಂದರು. ಉಪಚಾರದಿಂದ ಬಂದದ್ದು ಔಪಚಾರಿಕ. ಈ ಉಪಚಾರ ಎಂದರೇನು? ದೇವರ ಪೂಜೆಯಲ್ಲಿ ಹದಿನಾರು ಉಪಚಾರಗಳಿವೆ. ದೇವರನ್ನು ಕರೆದ ಮೇಲೆ ಮೊದಲು ಆಸನ, ಆಮೇಲೆ ಕಾಲಿಗೆ ನೀರು, ಕೈಗೆ ನೀರು, ಕುಡಿಯಲು ನೀರು. ಮನೆಗೆ ಬಂದ ನೆಂಟರಿಗೂ ಇದೇ ಕ್ರಮ. ಕೂತ್ಕೊಳಿ ಅನ್ನುವುದು, ಒಂದು ಲೋಟ ನೀರು ಕೊಡುವುದು.

ಗೆಳೆಯರೆ, ಆಸನ ಮತ್ತು ನೀರು! ಈ ನಾಡಿನಲ್ಲಿ ನಮ್ಮ ಜನಕ್ಕೆ ಸಾವಿರಾರು ವರ್ಷ ನಿರಾಕರಿಸಿದ್ದು ಈ ಎರಡನ್ನೇ ತಾನೆ? ಗೌಡರ ಜಗಲಿಯ ಮೇಲೆ ಕೂರುವ ಹಾಗಿಲ್ಲ, ಊರ ಬಾವಿಯ ನೀರು ಸೇದುವ ಹಾಗಿಲ್ಲ. ಹೋಟೆಲಿನಲ್ಲಿ ಬೇರೆ ಲೋಟ, ಅದನ್ನೂ ನಾವೇ ತೊಳೆದಿಡಬೇಕು. ಅರವತ್ತು ವರ್ಷದ ನಮ್ಮ ತಾತನನ್ನು ಆರು ವರ್ಷದ ಅವರ ಹುಡುಗ 'ಬಾರ್ಲಾ' ಅಂತ ಕರೆಯುತ್ತಿದ್ದ. ಬಹುವಚನ ಒಂದು ಉಪಚಾರ, ಅದೂ ನಮಗೆ ಇರಲಿಲ್ಲ. ಇದನ್ನೆಲ್ಲ ಎಂದೂ ಕಳೆದುಕೊಳ್ಳದವರು 'ಇವೆಲ್ಲ ಬರೀ ಫಾರ್ಮಾಲಿಟಿ ರೀ, ಮನಸ್ಸು ಮುಖ್ಯ' ಅಂತ ಈಗ ನಮಗೆ ಉಪದೇಶ ಮಾಡುತ್ತಾರೆ. ಕುರ್ಚಿಯಲ್ಲಿ ಕೂತವರಿಗೆ ಕುರ್ಚಿ ಬರೀ ಫಾರ್ಮಾಲಿಟಿ. ನಿಂತೇ ಸವೆದ ಕಾಲುಗಳಿಗೆ ಅದು ಹಾಗೆ ಕಾಣುವುದಿಲ್ಲ.

ಆಸನದ ಚರಿತ್ರೆಗೆ ನಮ್ಮ ಧಾರವಾಡದಲ್ಲೇ ಒಂದು ದಾಖಲೆ ಇದೆ. 1856ರ ಜೂನ್ ತಿಂಗಳಲ್ಲಿ ಮಹಾರ್ ಜಾತಿಯ ಒಬ್ಬ ಹುಡುಗನಿಗೆ ಧಾರವಾಡದ ಸರ್ಕಾರಿ ಶಾಲೆಯಲ್ಲಿ ಜಾಗ ಕೊಡಬೇಕೆಂದು ಅರ್ಜಿ ಹೋಯಿತು. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿ ಸರ್ಕಾರ ಜುಲೈನಲ್ಲಿ ಠರಾವು ಬರೆಯಿತು. ನ್ಯಾಯವೇನೋ ಅರ್ಜಿದಾರನ ಕಡೆಗೇ ಇದೆ ಎಂದು ಆ ಠರಾವು ಒಪ್ಪಿಕೊಂಡಿತು. ಒಬ್ಬ ಹುಡುಗನಿಗಾಗಿ ಶಾಲೆಯನ್ನೇ ಉಳಿದವರ ಪಾಲಿಗೆ ನಿರುಪಯೋಗ ಮಾಡಲಾಗದು, ಬಹುಕಾಲದ ನಂಬಿಕೆಗಳನ್ನೂ ನೋಡಬೇಕು ಎಂದು ಹೇಳಿ ಹುಡುಗನನ್ನು ಹೊರಗೇ ಇಟ್ಟಿತು. ಅರ್ಜಿ ಕ್ರಮಬದ್ಧವಾಗಿತ್ತು, ಉತ್ತರವೂ ಕ್ರಮಬದ್ಧವಾಗಿತ್ತು, ನ್ಯಾಯ ಯಾವ ಕಡೆ ಎಂಬುದರಲ್ಲೂ ತಕರಾರಿರಲಿಲ್ಲ. ಹುಡುಗನಿಗೆ ಕೂರಲು ಜಾಗ ಮಾತ್ರ ಸಿಗಲಿಲ್ಲ.

ವಿಷಯ ಲಂಡನ್ನಿಗೆ ಹೋಯಿತು. ಕಂಪನಿಯ ಡೈರೆಕ್ಟರುಗಳು 1858ರಲ್ಲಿ, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ತತ್ವ ಸಾರಿದರು. 1882ರ ಹಂಟರ್ ಆಯೋಗ ಅದೇ ತತ್ವವನ್ನು ಮತ್ತೆ ಹೇಳಿತು, ಹೇಳುತ್ತಲೇ ಹುಷಾರಾಗಿ ಹೋಗಬೇಕೆಂದೂ ನಮ್ಮವರಿಗೆ ಬೇರೆ ಶಾಲೆ ತೆರೆಯಬಹುದೆಂದೂ ಸೇರಿಸಿತು. ತತ್ವ ಕಾಗದದ ಮೇಲೆ ಉಳಿಯಿತು. ಶಾಲೆಯೊಳಕ್ಕೆ ಕಾಲಿಟ್ಟ ನಮ್ಮ ಮಕ್ಕಳು ಪಡಸಾಲೆಯಲ್ಲೋ ಬಾಗಿಲ ಹೊರಗೋ ಕೂತರು. 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಬಾಬಾಸಾಹೇಬರು ಈ ಧಾರವಾಡದ ಅರ್ಜಿಯನ್ನು ಎತ್ತಿ ತೋರಿಸಿದರು. ಆ ಹುಡುಗನ ಹೆಸರು ನಮಗೆ ಗೊತ್ತಿಲ್ಲ. ಆದರೂ ಎಪ್ಪತ್ತೆರಡು ವರ್ಷದ ಮೇಲೆ ಅವನ ಅರ್ಜಿ ಸಾಕ್ಷಿ ನುಡಿಯಿತು. ಬಾಯಲ್ಲಿ ಕೇಳಿ ಬಾಯಲ್ಲೇ ಇಲ್ಲ ಅನ್ನಿಸಿಕೊಂಡಿದ್ದರೆ ಅದೂ ಇರುತ್ತಿರಲಿಲ್ಲ.

ಇನ್ನು ನೀರಿನ ಚರಿತ್ರೆ. 1923ರ ಆಗಸ್ಟ್ 4ರಂದು ಮುಂಬಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆಯವರ ಠರಾವು ಪಾಸಾಯಿತು. ಸರ್ಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಶಾಲೆ, ಆಸ್ಪತ್ರೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬುದು ಅದರ ಸಾರ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೂ ಆ ಪ್ರಾಂತದೊಳಗೇ ಇದ್ದವು. 1924ರಲ್ಲಿ ಮಹಾಡದ ಪುರಸಭೆ ತನ್ನ ಚೌದಾರ್ ಕೆರೆಯನ್ನು ತೆರೆದಿದ್ದೇವೆ ಎಂದು ಠರಾವು ಬರೆದುಕೊಂಡಿತು. ಬರೆದುಕೊಂಡಿತು ಅಷ್ಟೆ. ಮೂರು ವರ್ಷ ಒಬ್ಬನೂ ನೀರು ಮುಟ್ಟುವ ಹಾಗಿರಲಿಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಆ ಕೆರೆಯ ನೀರು ಕುಡಿದರು. ಠರಾವಿನಲ್ಲಿ ಬರೆದದ್ದನ್ನು ಮಾಡಿ ತೋರಿಸಿದರು. ಸವರ್ಣೀಯರು ದೊಣ್ಣೆ ಹಿಡಿದು ಬಂದರು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಕೊಡಗಳನ್ನು ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ನೋಡಿ, ನಮ್ಮ ಹಕ್ಕಿನ ಫಾರ್ಮಾಲಿಟಿ ಕಪಾಟಿನಲ್ಲಿ ಮೂರು ವರ್ಷ ಮಲಗಿತ್ತು. ಅವರ ಮಡಿಯ ಫಾರ್ಮಾಲಿಟಿಗೆ ಮಾತ್ರ ಯಾವ ಠರಾವೂ ಬೇಕಾಗಲಿಲ್ಲ. ಅದೇ ವರ್ಷದ ಆಗಸ್ಟ್ 4ರಂದು, ಬೋಲೆ ಠರಾವಿಗೆ ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ, ಪುರಸಭೆ ತನ್ನ ಹಳೇ ಠರಾವನ್ನು ರದ್ದು ಮಾಡಿತು.

ಡಿಸೆಂಬರ್‌ನಲ್ಲಿ ನಮ್ಮವರು ಮತ್ತೆ ಮಹಾಡದಲ್ಲಿ ಸೇರುವುದರೊಳಗೆ ಸವರ್ಣೀಯರು ಕೋರ್ಟಿನಿಂದ ತಾತ್ಕಾಲಿಕ ತಡೆಯಾಜ್ಞೆ ತಂದರು. ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಟ್ಟ ಬಾಬಾಸಾಹೇಬರು ಕೆರೆಯ ವಿಷಯದಲ್ಲಿ ಕೋರ್ಟಿನ ಆಜ್ಞೆಯನ್ನು ಮೀರಲಿಲ್ಲ. ದಾವೆಯನ್ನು ಹತ್ತು ವರ್ಷ ನಡೆಸಿದರು. 1937ರ ಮಾರ್ಚ್‌ನಲ್ಲಿ ಮುಂಬಯಿ ಹೈಕೋರ್ಟು ನಮ್ಮ ಕಡೆ ತೀರ್ಪು ಕೊಟ್ಟಿತು. ಯಾವ ಕಾರಣಕ್ಕೆ? ಅನಾದಿಯಿಂದ ಅಸ್ಪೃಶ್ಯರನ್ನು ದೂರ ಇಟ್ಟಿದ್ದೇವೆ ಎಂಬ ರೂಢಿಯನ್ನು ಸವರ್ಣೀಯರು ರುಜುವಾತು ಮಾಡಲಾರದೆ ಹೋದರು. ಅನಾದಿ ಅನಾದಿ ಎಂದು ಜಂಬ ಕೊಚ್ಚುತ್ತಿದ್ದವರನ್ನು ಕೋರ್ಟು 'ಎಲ್ಲಿ, ಸಾಕ್ಷಿ ತನ್ನಿ' ಅಂದಾಗ ಕೈಯಲ್ಲಿ ಏನೂ ಇರಲಿಲ್ಲ. ಅಚ್ಚಿಗೆ ಕೂರದ ಮಾತು ಈ ಸಲ ಅವರದಾಗಿತ್ತು.

ಆಮೇಲೆ ಸಂವಿಧಾನ ಬಂತು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಇದೇ ಸಂವಿಧಾನದ ಕರಡನ್ನು 1948ರ ನವೆಂಬರ್ 4ರಂದು ಸಭೆಯ ಮುಂದಿಡುವಾಗ ಬಾಬಾಸಾಹೇಬರು ಒಂದು ಎಚ್ಚರಿಕೆ ಕೊಟ್ಟಿದ್ದರು. ಆಡಳಿತದ ಸಣ್ಣಪುಟ್ಟ ವಿವರಗಳನ್ನೆಲ್ಲ ಸಂವಿಧಾನದಲ್ಲಿ ಯಾಕೆ ತುಂಬಿದ್ದೀರಿ ಎಂದು ಟೀಕಿಸಿದವರಿಗೆ ಅವರು ಕೊಟ್ಟ ಉತ್ತರದ ತಾತ್ಪರ್ಯ ಇದು: ಸಂವಿಧಾನದ ಆಕಾರವನ್ನು ಒಂಚೂರೂ ಮುಟ್ಟದೆ, ಬರೀ ಆಡಳಿತದ ಆಕಾರವನ್ನು ಬದಲಿಸಿ ಅದರ ಆಶಯವನ್ನು ಕೆಡಿಸಿಬಿಡಬಹುದು. ಹಕ್ಕು ಪುಸ್ತಕದಲ್ಲಿ ಹಾಗೇ ಇರುತ್ತದೆ. ಅದಕ್ಕೆ ಹೋಗುವ ದಾರಿಯಲ್ಲಿ ಮಾತ್ರ ಒಂದು ಫಾರಂ, ಒಂದು ಮೊಹರು, ಒಂದು ಕೊನೆಯ ದಿನಾಂಕ ಬಂದು ಕೂರುತ್ತವೆ. ತಾಲ್ಲೂಕು ಕಚೇರಿಯ ಕಿಟಕಿಯನ್ನು ಬಾಬಾಸಾಹೇಬರು ಅಂದೇ ಕಂಡಿದ್ದರು.

ಆ ಕಿಟಕಿಯ ದೊಡ್ಡ ಪರೀಕ್ಷೆ ನಡೆದದ್ದು ಭೂಮಿಯ ವಿಷಯದಲ್ಲಿ. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನೆಲ್ಲ ಅಂದಿನಿಂದ ಸರ್ಕಾರದ ವಶ, ಉಳುವವನು ಅರ್ಜಿ ಹಾಕಿ ಪಡೆಯಬೇಕು. ಆ ಅರ್ಜಿಯೇ ನಮೂನೆ 7. ಭೂ ನ್ಯಾಯಮಂಡಲಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ನಾಲ್ವರು ನಾಮಕರಣ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ಮೊದಮೊದಲು ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಕಾನೂನು ಬರೆದವರು ಫಾರ್ಮಾಲಿಟಿಯನ್ನು ಆದಷ್ಟು ಕಡಿಮೆ ಮಾಡಲು ನೋಡಿದ್ದರು ಎಂಬುದನ್ನು ನಾವು ಒಪ್ಪಬೇಕು. ಸಾವಿರಾರು ಗೇಣಿದಾರರು ಅದರಿಂದ ಒಡೆಯರಾದರು.

ಆದರೆ ನಮ್ಮವರಲ್ಲಿ ಗೇಣಿದಾರರು ಎಷ್ಟು ಜನ? ಹೆಚ್ಚಿನವರು ಕೂಲಿ, ಇಲ್ಲವೆ ಜೀತ. ಮೂರು ತಲೆಮಾರು ಒಂದೇ ಹೊಲ ಉತ್ತರೂ 'ಆಳು' ಎಂಬ ಹೆಸರಿದ್ದವನಿಗೆ ನಮೂನೆ 7ರಲ್ಲಿ ಕಾಲಂ ಇರಲಿಲ್ಲ. ವಾರಕ್ಕೆ ಮಾಡಿದ ಕೆಲವರದ್ದು ಬಾಯಿಮಾತಿನ ಒಪ್ಪಂದ, ರಸೀತಿ ಇಲ್ಲ. ಪಹಣಿಯಲ್ಲಿ ಬರೆದದ್ದು ನಿಜವೆಂದೇ ಭಾವಿಸಬೇಕು ಎಂದು ಭೂಕಂದಾಯ ಕಾಯಿದೆ ಹೇಳುತ್ತದೆ. ಅಲ್ಲ ಅನ್ನುವವನು ರುಜುವಾತು ಮಾಡಬೇಕು. ಪಹಣಿ ಬರೆದವರು ಯಾರು, ಯಾರ ಜಗಲಿ ಮೇಲೆ ಕೂತು ಬರೆದರು ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಉತ್ತವನ ಕೈಯ ಗಡ್ಡೆ ಸಾಕ್ಷಿಯಾಗಲಿಲ್ಲ, ಶಾನುಭೋಗರ ಶಾಯಿ ಸಾಕ್ಷಿಯಾಯಿತು. ನಮೂನೆ 7ಕ್ಕೆ ಕೊನೆಯ ದಿನ 1979ರ ಜೂನ್ 30. ತಪ್ಪಿಸಿಕೊಂಡವರಿಗೆ ಅಂತ 1998ರಲ್ಲಿ 7ಎ ಬಂತು. ಬಗರ್‌ಹುಕುಂ ಸಾಗುವಳಿಗೆ ನಮೂನೆ 50, ಆಮೇಲೆ 53, ಆಮೇಲೆ 57. ಬಗರ್ ಎಂದರೆ ಇಲ್ಲದೆ, ಹುಕುಂ ಎಂದರೆ ಆಜ್ಞೆ. ಕಲ್ಲು ಕಿತ್ತು ಮುಳ್ಳು ಕಡಿದು ಹೊಲ ಮಾಡಿದವನಿಗೆ ಸರ್ಕಾರ ಕೊಟ್ಟ ಹೆಸರೇ ಫಾರ್ಮಾಲಿಟಿ ಇಲ್ಲದವನು ಅಂತ!

ಸರ್ಕಾರವೇ ಮಂಜೂರು ಮಾಡಿದ ಜಮೀನಿನ ಕತೆ ಇನ್ನೊಂದು. ಬರಗಾಲದಲ್ಲಿ, ಮದುವೆಗೆ, ಕಾಯಿಲೆಗೆ ಎಂದು ನಮ್ಮವರು ಅದನ್ನು ಮೂರು ಕಾಸಿಗೆ ಬರೆದುಕೊಟ್ಟರು. ಅದನ್ನು ವಾಪಸು ಕೊಡಿಸಲು 1978ರ ಪಿ.ಟಿ.ಸಿ.ಎಲ್. ಕಾಯಿದೆ ಬಂತು, 1979ರ ಜನವರಿ 1ರಿಂದ ಜಾರಿಯಾಯಿತು. ಅದರಲ್ಲಿ ಒಂದು ಒಳ್ಳೆಯ ಮಾತಿದೆ. ಅಂಥ ಜಮೀನು ಬೇರೆಯವರ ಕೈಲಿದ್ದರೆ ಅದು ಅಕ್ರಮವಾಗಿ ಹೋದದ್ದೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಹಿಡಿದಿರುವವನದು. ಇಲ್ಲಿ ರುಜುವಾತಿನ ಭಾರ ಆ ಕಡೆ ಹೆಗಲಿಗೆ ಹೋಯಿತು. 1984ರಲ್ಲಿ ಮಂಚೇಗೌಡರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಇಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಎಂಬ ಗಡುವು ಕಾಯಿದೆಯಲ್ಲಿ ಇರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ 'ಸಮಂಜಸ ಅವಧಿ'ಯಲ್ಲಿ ಬರಬೇಕಿತ್ತು ಎಂಬ ತೀರ್ಪು ಬಂತು. ಗೆಲ್ಲಬೇಕಾದ ಅರ್ಜಿಗಳು ತಡವಾಯಿತು ಎಂಬ ಒಂದೇ ಮಾತಿಗೆ ಬೀಳತೊಡಗಿದವು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮವರು ತಿಂಗಳುಗಟ್ಟಲೆ ಧರಣಿ ಕೂತರು. 2023ರಲ್ಲಿ ಕಾಲಮಿತಿ ಇಲ್ಲವೆಂದು ತಿದ್ದುಪಡಿ ಆಯಿತು. ಆಮೇಲೂ ಅದರ ಅರ್ಥದ ಮೇಲೆ ಹೈಕೋರ್ಟಿನಲ್ಲಿ ವಾದ ನಡೆದಿದೆ. ಎರಡು ಸಾವಿರ ವರ್ಷದ ಹಿಂದಿನ ಬಳ್ಳಿ ಮತ್ತು ಮರದ ಕತೆ ನಮ್ಮ ನೆಲದಲ್ಲಿ ಇನ್ನೂ ಮುಗಿದಿಲ್ಲ.

ಜೀತದ ವಿಷಯಕ್ಕೆ ಬರೋಣ. ಜೀತ ಕಟ್ಟಿಕೊಳ್ಳುವಾಗ ಧಣಿಗಳಿಗೆ ಫಾರ್ಮಾಲಿಟಿಯ ಯೋಚನೆಯೇ ಇರಲಿಲ್ಲ. ಮಗನ ಮದುವೆಗೆ ನೂರು ರೂಪಾಯಿ, ಬರೀ ಕಾಗದದ ಮೇಲೆ ಹೆಬ್ಬೆಟ್ಟು, ಬಾಯಿಮಾತಿನ ಲೆಕ್ಕ. ಅಪ್ಪ ದುಡಿದ, ಮಗ ದುಡಿದ, ಸಾಲ ತೀರಲಿಲ್ಲ. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯಿದೆ ಬಂದು ಜೀತ ರದ್ದಾಯಿತು. ಈ ಕಾಯಿದೆಯ 15ನೇ ಕಲಮನ್ನು ಪ್ರತಿಯೊಬ್ಬ ಕಾರ್ಯಕರ್ತ ಬಾಯಿಪಾಠ ಮಾಡಬೇಕು. ಇದು ಜೀತದ ಸಾಲ ಎಂದು ಜೀತಗಾರ ಹೇಳಿದರೆ, ಅಲ್ಲವೆಂದು ರುಜುವಾತು ಮಾಡಬೇಕಾದವನು ಸಾಲ ಕೊಟ್ಟ ಧಣಿ. ಜೀತಗಾರ ಕಾಗದ ತರಬೇಕಾಗಿಲ್ಲ.

ಆದರೆ ಬಿಡುಗಡೆ ಆದವನಿಗೆ ಬಿಡುಗಡೆ ಪತ್ರ ಬೇಕೇ ಬೇಕು. ಅದಿದ್ದರೆ ಪುನರ್ವಸತಿ, ಅದಿಲ್ಲದಿದ್ದರೆ ಅವನು ಸರ್ಕಾರದ ಲೆಕ್ಕದಲ್ಲಿ ಜೀತಗಾರನೂ ಆಗಿರಲಿಲ್ಲ, ಬಿಡುಗಡೆಯೂ ಆಗಲಿಲ್ಲ. ಕಾನೂನಿಗೆ ಹೆದರಿದ ಧಣಿಗಳು ಎಷ್ಟೋ ಕಡೆ 'ಹೋಗ್ಲಾ, ಬಿಟ್ಟಿದೀನಿ' ಅಂತ ಬಾಯಲ್ಲಿ ಹೇಳಿ ಕಳಿಸಿದರು. ಹಾಗೆ ಬಂದವನು ಕೈಲಿ ಪತ್ರವಿಲ್ಲದೆ, ಹೊಲವಿಲ್ಲದೆ, ಮುಂದಿನ ಬರಗಾಲಕ್ಕೆ ಅದೇ ಧಣಿಯ ಬಾಗಿಲಿಗೆ ಹೋಗಿ ನಿಂತ. ಬದುಕಿದ್ದಾಗ ಸ್ವತಂತ್ರನಾಗಿ ಸಾಯುವಾಗ ಗುಲಾಮನಾದ ಆ ರೋಮನ್ ಮನುಷ್ಯ ಇವನ ಅಣ್ಣತಮ್ಮನೇ ಅಲ್ಲವೇ?

ಪೊಲೀಸ್ ಠಾಣೆಯ ಬಾಗಿಲಲ್ಲೂ ಇದೇ ನಡೆಯುತ್ತದೆ. ದೌರ್ಜನ್ಯ ತಡೆ ಕಾಯಿದೆ 1989ರದು. 1995ರ ನಿಯಮಗಳ ಪ್ರಕಾರ ಡಿ.ವೈ.ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ತನಿಖೆ ಮಾಡಬೇಕು. ನಮ್ಮ ರಕ್ಷಣೆಗೆಂದು ಇಟ್ಟ ವಿಧಿ ಇದು. ಅದಕ್ಕಿಂತ ಕೆಳಗಿನ ಅಧಿಕಾರಿ ತನಿಖೆ ಮಾಡಿದ ಎಂಬ ಕಾರಣಕ್ಕೇ ಕೇಸುಗಳು ಬಿದ್ದುಹೋದದ್ದುಂಟು. ತಪ್ಪು ಇಲಾಖೆಯದು, ಶಿಕ್ಷೆ ಪೆಟ್ಟು ತಿಂದವನಿಗೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟುಹಾಕಿದರು. ಮೊಕದ್ದಮೆಯ ವಿಧಿಗಳೆಲ್ಲ ನಡೆದವು. ಸಾಕ್ಷಿಗಳು ತಿರುಗಿದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಕಾಯಂ ಮಾಡಿತು. ಏಳು ಹೆಣಗಳು ಅಚ್ಚಿಗೆ ಕೂರಲಿಲ್ಲ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಎಫ್.ಐ.ಆರ್.ಗೂ ಮೊದಲು ಪ್ರಾಥಮಿಕ ವಿಚಾರಣೆ ಎಂಬ ಹೊಸ ಹೊಸ್ತಿಲು ತಂದಾಗ ದೇಶದ ದಲಿತರು ಬೀದಿಗಿಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಸಂಸತ್ತು 18ಎ ಕಲಂ ಸೇರಿಸಿ ಆ ಹೊಸ್ತಿಲನ್ನು ಕಿತ್ತಿತು.

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ಕೆಲವು ಗೆಳೆಯರು ಕೇಳುತ್ತಾರೆ: ಈ ಕಾಗದದ ಆಟವೇ ಪಟ್ಟಭದ್ರರ ಹುನ್ನಾರ, ಇದಕ್ಕೆ ಬೆಂಕಿ ಹಾಕಿ ಬೀದಿಗೆ ಇಳಿಯುವುದು ಬಿಟ್ಟು ಅರ್ಜಿ ಬರೆಯುತ್ತಾ ಕೂರೋದಾ? ಅವರ ಸಿಟ್ಟು ನಮ್ಮದೂ ಹೌದು. ಆದರೆ ಮಹಾಡ ಏನು ಹೇಳುತ್ತದೆ ನೋಡಿ. ಅಲ್ಲಿ ಜನ ಕೆರೆಗೆ ಇಳಿದರು, ದಾವೆಯನ್ನೂ ಬಿಡಲಿಲ್ಲ. ಬೀದಿಗಿಳಿಯದಿದ್ದರೆ ಬೋಲೆ ಠರಾವು ಕಪಾಟಿನಲ್ಲೇ ಕೊಳೆಯುತ್ತಿತ್ತು. ದಾವೆ ನಡೆಸದಿದ್ದರೆ ಅಂದು ಕುಡಿದ ಒಂದು ಬೊಗಸೆ ನೀರು ಒಂದು ದಿನದ ನೀರಾಗಿ ಉಳಿಯುತ್ತಿತ್ತು. 2018 ಮತ್ತು 2023ರ ತಿದ್ದುಪಡಿಗಳೂ ಬೀದಿಯಲ್ಲಿ ಹುಟ್ಟಿ ಕಾಗದದಲ್ಲಿ ನಿಂತವು. ವಿಧಿ ಇಲ್ಲದ ಕಡೆ ಬಲಶಾಲಿಯ ಮಾತೇ ವಿಧಿ. ಬಾಯಿಮಾತಿನ ಲೋಕದಲ್ಲಿ ನಾವು ಎಂದೂ ಗೆದ್ದವರಲ್ಲ.

ಹಾಗಾಗಿ ಓದಿದ ಹುಡುಗರಿಗೆ, ಹಳ್ಳಿಯ ಮೇಷ್ಟರುಗಳಿಗೆ ನಮ್ಮ ಕೋರಿಕೆ ಇದು. ಠಾಣೆಗೆ ಹೋದವರ ಜೊತೆ ಹೋಗಿ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಓದಿ ಹೇಳಿ, ಆಮೇಲೆ ರುಜು ಪಡೆಯಬೇಕು, ನಕಲು ಕೊಡಬೇಕು. ಇದು ದೌರ್ಜನ್ಯ ತಡೆ ಕಾಯಿದೆಯ 4ನೇ ಕಲಂ ಅಧಿಕಾರಿಗೆ ಹಾಕಿದ ಕರ್ತವ್ಯ. ಬೇಕೆಂದೇ ತಪ್ಪಿದ ದಲಿತೇತರ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಶಿಕ್ಷೆ ಇದೆ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ, ಬರೆಯಲು ಬಾರದವನು ಬಾಯಲ್ಲಿ ಕೇಳಿದರೆ ಅದನ್ನು ಬರವಣಿಗೆಗೆ ಇಳಿಸಲು ಅಧಿಕಾರಿಯೇ ನೆರವಾಗಬೇಕು. 2011ರ ಸಕಾಲ ಕಾಯಿದೆಯಡಿ ಅರ್ಜಿ ಕೊಟ್ಟರೆ ಸ್ವೀಕೃತಿ ಕೊಡಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. 20 ರೂಪಾಯಿ ದೊಡ್ಡದಲ್ಲ. ಕಾಯಿಸಿದ್ದಕ್ಕೆ ಲೆಕ್ಕ ಕೊಡಬೇಕಾದವನು ಕಿಟಕಿಯ ಆಚೆಗಿನವನು ಎಂಬುದು ದೊಡ್ಡದು.

ಆ ಮುದುಕಿ ಮುಂದಿನ ವಾರವೂ ಬರುತ್ತಾಳೆ. ಆ ದಿನ ಅವಳ ಪಕ್ಕ ನಮ್ಮಲ್ಲೊಬ್ಬರು ನಿಂತಿರಬೇಕು. 'ಫಾರ್ಮಾಲಿಟೀಸ್ ಮುಗಿದಿಲ್ಲ' ಎಂಬ ಮಾತು ಬಂದ ಕೂಡಲೇ ಕೇಳಬೇಕು: "ಸರಿ ಸ್ವಾಮಿ. ಯಾವುದು ಮುಗಿದಿಲ್ಲ, ಯಾರು ಮುಗಿಸಬೇಕು, ಯಾವತ್ತು ಮುಗಿಸ್ತೀರಿ? ಹಿಂಬರಹ ಬರೆದು ರುಜು ಹಾಕಿ ಕೊಡಿ. ಅಲ್ಲಿವರೆಗೆ ಅಮ್ಮನಿಗೆ ಕೂರೋಕೆ ಒಂದು ಕುರ್ಚಿ ಕೊಡಿ, ಕುಡಿಯೋಕೆ ನೀರು ಕೊಡಿ."